ಶುಕ್ರವಾರ ಸಂಜೆ ಹೋಗಿ ನೋಡಿ: ಯಹೂದಿ ವಿದ್ಯಾರ್ಥಿಗಳು ಅಮೆರಿಕದಲ್ಲಿ ಕಾಲೇಜು ಹುಡುಕುವುದು ಹೇಗೆ?

ಅಮೆರಿಕದ ಕಾಲೇಜುಗಳಿಗೆ ಅರ್ಜಿ ಹಾಕುವ ಯಹೂದಿ ಮಕ್ಕಳು ಕೋರ್ಸು, ಫೀಸು, ಊರು ಎಲ್ಲ ನೋಡಿದ ಮೇಲೆ ಇನ್ನೊಂದು ಪ್ರಶ್ನೆ ಕೇಳುತ್ತಾರೆ. ಅಲ್ಲಿ ನಮ್ಮವರು ಇದ್ದಾರಾ? ಇದ್ದರೆ ವಾರಕ್ಕೊಮ್ಮೆಯಾದರೂ ಒಟ್ಟಿಗೆ ಸೇರುತ್ತಾರಾ? ಮುಂಬೈ, ಠಾಣೆ ಕಡೆಯ ಬೆನೆ ಇಸ್ರೇಲ್ ಎಂಬ ಯಹೂದಿ ಸಮುದಾಯದ ಮನೆಗಳಿಂದ ಓದಲು ಹೋಗುವ ಮಕ್ಕಳಿಗೂ ಇದೇ ಪ್ರಶ್ನೆ. ಅಪ್ಪ ಯಹೂದಿ, ಅಮ್ಮ ಕನ್ನಡದವರು ಎನ್ನುವ ಮನೆಗಳೂ ಈಗ ಅಲ್ಲಿವೆ. ಆ ಮಕ್ಕಳಿಗೆ ಹುಡುಕಾಟ ಸ್ವಲ್ಪ ಜಾಸ್ತಿಯೇ ಇರುತ್ತದೆ. ಹದಿನೆಂಟಕ್ಕೆ ಮನೆ ಬಿಟ್ಟ ಮಗು ಹಬ್ಬದ ದಿನ ಒಂಟಿಯಾಗಿ ರೂಮಿನಲ್ಲಿ ಕೂರಬಾರದು, ಅಲ್ವಾ? ಅದಕ್ಕೆ ಅರ್ಜಿ ಹಾಕುವ ಮೊದಲೇ ಒಂದಷ್ಟು ಕೆಲಸ ಮಾಡಬೇಕು.

ಮೊದಲು ಮನೆಯಲ್ಲಿ ಮಾತಾಡಿ

ಯಹೂದಿ ವಿದ್ಯಾರ್ಥಿಗಳೆಲ್ಲ ಒಂದೇ ತರಹ ಇರುವುದಿಲ್ಲ. ಸಂಪ್ರದಾಯವನ್ನು ಕಟ್ಟುನಿಟ್ಟಾಗಿ ಪಾಲಿಸುವ ಆರ್ಥಡಾಕ್ಸ್ ಮನೆಯ ಹುಡುಗನಿಗೆ ದಿನಕ್ಕೆ ಮೂರು ಹೊತ್ತು ಪ್ರಾರ್ಥನೆ ಬೇಕು. ಅದಕ್ಕೆ ಹತ್ತು ಮಂದಿ ಗಂಡಸರು ಸೇರಬೇಕು. ಇದಕ್ಕೆ ಮಿನ್ಯಾನ್ ಅನ್ನುತ್ತಾರೆ. ಕನ್ಸರ್ವೇಟಿವ್, ರಿಫಾರ್ಮ್ ಪಂಗಡಗಳಲ್ಲಿ ಹೆಂಗಸರು ಗಂಡಸರು ಒಟ್ಟಿಗೆ ಕೂತು ಪ್ರಾರ್ಥಿಸುತ್ತಾರೆ. ದೇವರು, ಪ್ರಾರ್ಥನೆ ಬೇಡ, ಹಬ್ಬದೂಟ ಮತ್ತು ಗೆಳೆಯರು ಸಾಕು ಎನ್ನುವವರೂ ತುಂಬ ಜನ. ನಿಮ್ಮ ಮಗುವಿಗೆ ಯಾವುದು ಬೇಕು? ಇದು ಗೊತ್ತಿಲ್ಲದೆ ಪಟ್ಟಿ ಮಾಡಿದರೆ ಪ್ರಯೋಜನವಿಲ್ಲ.

ಅಮ್ಮ ಯಹೂದಿ ಅಲ್ಲದ ಮನೆಯವರು ಒಂದು ವಿಷಯ ಮೊದಲೇ ತಿಳಿದಿರಬೇಕು. ಆರ್ಥಡಾಕ್ಸ್ ಮತ್ತು ಕನ್ಸರ್ವೇಟಿವ್ ಪಂಗಡಗಳಲ್ಲಿ ಮಗು ಯಹೂದಿ ಎನ್ನಿಸಿಕೊಳ್ಳುವುದು ತಾಯಿಯ ಕಡೆಯಿಂದ. ರಿಫಾರ್ಮ್ ಪಂಗಡ 1983ರಲ್ಲಿ ಇದನ್ನು ಬದಲಿಸಿತು. ತಂದೆ ಯಹೂದಿಯಾಗಿದ್ದು, ಮಗುವನ್ನು ಆ ಸಂಪ್ರದಾಯದಲ್ಲೇ ಬೆಳೆಸಿದ್ದರೆ ಸಾಕು ಎಂದಿತು. ಹಾಗಾಗಿ ಒಂದೇ ಕ್ಯಾಂಪಸ್ಸಿನಲ್ಲಿ ಒಂದು ಕಡೆ ನಿಮ್ಮ ಮಗ ಪ್ರಾರ್ಥನೆ ನಡೆಸಬಹುದು, ಇನ್ನೊಂದು ಕಡೆ ಊಟಕ್ಕೆ ಪ್ರೀತಿಯಿಂದ ಕರೆದರೂ ಮಿನ್ಯಾನ್ ಲೆಕ್ಕಕ್ಕೆ ಸೇರಿಸುವುದಿಲ್ಲ. ಇದು ಅಲ್ಲಿಗೆ ಹೋದ ಮೇಲೆ ಗೊತ್ತಾದರೆ ಮನಸ್ಸಿಗೆ ನೋವಾಗುತ್ತದೆ. ಮನೆಯಲ್ಲೇ ಹೇಳಿ ಕಳಿಸಿ.

ಪಟ್ಟಿ ಮಾಡುವಾಗ ಸಂಖ್ಯೆಯನ್ನು ಪೂರ್ತಿ ನಂಬಬೇಡಿ

ಹಿಲೆಲ್ ಎನ್ನುವ ವಿದ್ಯಾರ್ಥಿ ಸಂಸ್ಥೆ ಕಾಲೇಜುಗಳ ಮಾರ್ಗದರ್ಶಿಯೊಂದನ್ನು ಹೊರತರುತ್ತದೆ. ಯಾವ ಕಾಲೇಜಿನಲ್ಲಿ ಸುಮಾರು ಎಷ್ಟು ಯಹೂದಿ ವಿದ್ಯಾರ್ಥಿಗಳಿದ್ದಾರೆ, ಕೋಷರ್ ಊಟ, ಅಂದರೆ ಯಹೂದಿ ಆಹಾರ ನಿಯಮದಂತೆ ಮಾಡಿದ ಊಟ ಸಿಗುತ್ತದಾ ಎಂಬುದೆಲ್ಲ ಅದರಲ್ಲಿರುತ್ತದೆ. ಹುಡುಕಾಟ ಶುರು ಮಾಡಲು ಇದು ಒಳ್ಳೆಯ ಜಾಗ. ಆದರೆ ಆ ಸಂಖ್ಯೆಗಳು ಅಂದಾಜು. ಸಾಮಾನ್ಯವಾಗಿ ವಿಶ್ವವಿದ್ಯಾಲಯಗಳು ವಿದ್ಯಾರ್ಥಿಗಳ ಧರ್ಮದ ಲೆಕ್ಕ ಇಡುವುದಿಲ್ಲ.

ಧರ್ಮ ಕೇಳುತ್ತಿದ್ದ ಕಾಲವೂ ಇತ್ತು, ಅದು ಒಳ್ಳೆಯ ಉದ್ದೇಶದಿಂದಲ್ಲ. 1922ರಲ್ಲಿ ಹಾರ್ವರ್ಡ್ ಅಧ್ಯಕ್ಷ ಲಾರೆನ್ಸ್ ಲೋವೆಲ್ ಯಹೂದಿ ವಿದ್ಯಾರ್ಥಿಗಳ ಸಂಖ್ಯೆಗೆ ಮಿತಿ ಹಾಕಬೇಕೆಂದು ಹೊರಟರು. ಆಗ ಅಲ್ಲಿ ಐದರಲ್ಲಿ ಒಬ್ಬ ವಿದ್ಯಾರ್ಥಿ ಯಹೂದಿ. ಅರ್ಜಿಯ ಜತೆ ಫೋಟೊ, ಮನೆತನದ ವಿವರ, 'ನಡತೆ'ಯ ಬಗ್ಗೆ ಪತ್ರ ಕೇಳುವ ಪದ್ಧತಿ ಗಟ್ಟಿಯಾಗಿದ್ದು ಆ ದಶಕದಲ್ಲೇ. ಸ್ಟ್ಯಾನ್‌ಫರ್ಡ್ 1950ರ ದಶಕದಲ್ಲಿ ಯಹೂದಿ ಮಕ್ಕಳನ್ನು ತಡೆದದ್ದಕ್ಕೆ ಕ್ಷಮೆ ಕೇಳಿದ್ದು 2022ರಲ್ಲಿ. ಬಾಗಿಲು ಹೀಗೆ ಮುಚ್ಚಿದ್ದ ಕಾಲ ಕಂಡವರೇ 1948ರಲ್ಲಿ ಬಾಸ್ಟನ್ ಹತ್ತಿರ ಬ್ರಾಂಡೈಸ್ ವಿಶ್ವವಿದ್ಯಾಲಯ ಕಟ್ಟಿದರು. ಅದು ಎಲ್ಲ ಧರ್ಮದವರಿಗೂ ತೆರೆದ ಸಂಸ್ಥೆ. ಅಜ್ಜ ಅಜ್ಜಿ ಇಂದಿಗೂ "ಅಲ್ಲಿ ನಮ್ಮವರೆಷ್ಟು ಜನ?" ಎಂದು ಕೇಳುವುದಕ್ಕೆ ಈ ಇತಿಹಾಸ ಕಾರಣ.

ಆದರೂ ಹೇಳುತ್ತೇನೆ, ಸಂಖ್ಯೆ ಒಂದನ್ನೇ ನೋಡಿ ತೀರ್ಮಾನಕ್ಕೆ ಬರಬೇಡಿ. ಫ್ಲಾರಿಡಾ, ರಟ್ಗರ್ಸ್, ಮೇರಿಲ್ಯಾಂಡ್, ಮಿಶಿಗನ್‌ನಂಥ ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಯಹೂದಿ ವಿದ್ಯಾರ್ಥಿಗಳು ಸಾವಿರಗಟ್ಟಲೆ ಇದ್ದಾರೆ. ಅಲ್ಲಿ ಆಯ್ಕೆ ಜಾಸ್ತಿ. ನಾಚಿಕೆ ಸ್ವಭಾವದ ಮಗು ಆ ಗುಂಪಿನಲ್ಲಿ ಕಳೆದುಹೋಗುವ ಸಾಧ್ಯತೆಯೂ ಜಾಸ್ತಿ. ಪೆನ್ಸಿಲ್ವೇನಿಯಾದ ಮ್ಯೂಲನ್‌ಬರ್ಗ್ ಕಾಲೇಜು ಇದಕ್ಕೆ ಪೂರ್ತಿ ಬೇರೆ. ಲೂಥರನ್ ಕ್ರೈಸ್ತರು ಕಟ್ಟಿದ ಸಣ್ಣ ಕಾಲೇಜು ಅದು. ಆದರೆ ಯಹೂದಿ ವಿದ್ಯಾರ್ಥಿಗಳ ಪಾಲು ದೊಡ್ಡದು, ಕೋಷರ್ ಅಡುಗೆಯೂ ಇದೆ. ಧರ್ಮಗ್ರಂಥದ ಓದನ್ನೇ ಮುಖ್ಯ ಮಾಡಿಕೊಂಡವರಿಗೆ ನ್ಯೂಯಾರ್ಕಿನ ಯಶೀವಾ ವಿಶ್ವವಿದ್ಯಾಲಯವಿದೆ. ಕೊಲಂಬಿಯಾ ಅಥವಾ ಬರ್ನಾರ್ಡ್ ಪದವಿಯ ಜೊತೆಗೇ ಜ್ಯೂಯಿಷ್ ಥಿಯಲಾಜಿಕಲ್ ಸೆಮಿನರಿಯಿಂದ ಇನ್ನೊಂದು ಪದವಿ ಪಡೆಯುವ ದಾರಿಯೂ ಇದೆ.

ನಡೆಸುವವರು ಯಾರು?

ಹೆಚ್ಚಿನ ಕ್ಯಾಂಪಸ್‌ಗಳಲ್ಲಿ ಕೇಳಿಬರುವ ಹೆಸರು ಎರಡು. ಒಂದು ಹಿಲೆಲ್, 1923ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಶುರುವಾಗಿದ್ದು. ಎಲ್ಲ ಪಂಗಡದವರನ್ನೂ ಒಂದೇ ಸೂರಿನಡಿ ಸೇರಿಸುತ್ತದೆ. ದೊಡ್ಡ ಹಿಲೆಲ್‌ಗಳಲ್ಲಿ ಶುಕ್ರವಾರ ಸಂಜೆ, ವಾರದ ವಿಶ್ರಾಂತಿಯ ದಿನ ಶುರುವಾಗುವಾಗ, ಬೇರೆಬೇರೆ ಕೋಣೆಗಳಲ್ಲಿ ಬೇರೆಬೇರೆ ಪಂಗಡದ ಪ್ರಾರ್ಥನೆ ನಡೆಯುತ್ತದೆ. ಅದು ಮುಗಿದ ಮೇಲೆ ಎಲ್ಲರೂ ಒಂದೇ ಕಡೆ ಊಟಕ್ಕೆ ಕೂರುತ್ತಾರೆ. ಎರಡನೆಯದು ಛಾಬಾದ್. 2008ರ ಉಗ್ರರ ದಾಳಿಗೆ ಗುರಿಯಾದ ಮುಂಬೈಯ ನಾರಿಮನ್ ಹೌಸ್‌ನಿಂದಾಗಿ ನಮಗೂ ಪರಿಚಯದ ಹೆಸರು. ಕ್ಯಾಂಪಸ್ಸಿಗೆ ಅದು ಬಂದಿದ್ದು 1969ರಲ್ಲಿ, ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮೂಲಕ. ಇಲ್ಲಿ ಒಬ್ಬ ರಬ್ಬಿ (ಯಹೂದಿ ಧರ್ಮಗುರು), ಅವರ ಹೆಂಡತಿ, ಮಕ್ಕಳು ಕ್ಯಾಂಪಸ್ ಪಕ್ಕದಲ್ಲೇ ಮನೆ ಮಾಡಿಕೊಂಡು ವಿದ್ಯಾರ್ಥಿಗಳನ್ನು ಊಟಕ್ಕೆ ಕರೆಯುತ್ತಾರೆ. ಆಚರಣೆ ಆರ್ಥಡಾಕ್ಸ್, ಆದರೆ ಬಾಗಿಲು ಎಲ್ಲ ಯಹೂದಿಗಳಿಗೂ ತೆರೆದಿರುತ್ತದೆ. ಮನೆ ನೆನಪಾಗಿ ಕಂಗೆಟ್ಟ ಮೊದಲ ವರ್ಷದ ಮಕ್ಕಳಿಗೆ ಇಂಥ ಮನೆಯ ವಾತಾವರಣ ತುಂಬ ಹಿಡಿಸುತ್ತದೆ.

ಆರ್ಥಡಾಕ್ಸ್ ಯೂನಿಯನ್ ಕೂಡ ಕೆಲವು ಕ್ಯಾಂಪಸ್‌ಗಳಲ್ಲಿ ವಿದ್ಯಾರ್ಥಿಗಳನ್ನು ನೋಡಿಕೊಳ್ಳಲು ದಂಪತಿಗಳನ್ನು ಇಟ್ಟಿದೆ. ಆಲ್ಫಾ ಎಪ್ಸಿಲಾನ್ ಪೈಯಂಥ ಯಹೂದಿ ಹುಡುಗರ ಸಂಘಗಳೂ ಉಂಟು. ಅವು ಗೆಳೆತನಕ್ಕೆ ಸರಿ. ಆದರೆ ಸಂಘ ಒಂದೇ ಇದ್ದು ಬೇರೇನೂ ಇಲ್ಲದ ಕಾಲೇಜನ್ನು ನಾನಂತೂ ಪಟ್ಟಿಯಲ್ಲಿ ಮೇಲೆ ಇಡುವುದಿಲ್ಲ.

ಊಟದ ವಿಷಯ ಬಿಡಿಸಿ ಬಿಡಿಸಿ ಕೇಳಿ

'ಕೋಷರ್ ಸಿಗುತ್ತದೆ' ಎಂದು ಬರೆದಿದ್ದರೆ ಏನು ಸಿಗುತ್ತದೆ ಎಂದು ಕೇಳಿ. ಕೆಲವು ಕಡೆ ಕೋಷರ್ ಎಂದರೆ ಎರಡು ಪದರ ಸುತ್ತಿ ಫ್ರೀಜರಿನಲ್ಲಿಟ್ಟ ಪೊಟ್ಟಣ. ಬೇಕಾದಾಗ ಬಿಸಿ ಮಾಡಿ ಕೊಡುತ್ತಾರೆ. ನಾಲ್ಕು ವರ್ಷ ಅದನ್ನೇ ತಿನ್ನುವುದು ಯಾರಿಗೂ ಬೇಡ. ನಿಜವಾದ ಕೋಷರ್ ಅಡುಗೆಮನೆಯಲ್ಲಿ ಹಾಲಿನ ಅಡುಗೆಗೂ ಮಾಂಸದ ಅಡುಗೆಗೂ ಪಾತ್ರೆ, ಸೌಟು, ತೊಳೆಯುವ ಜಾಗ ಎಲ್ಲ ಬೇರೆ. ಮಶ್ಗೀಹ ಎಂಬ ಮೇಲ್ವಿಚಾರಕರು ಇರುತ್ತಾರೆ. ಸೊಪ್ಪಿನ ಎಲೆಗಳನ್ನು ಬೆಳಕಿಗೆ ಹಿಡಿದು ಹುಳ ಇದೆಯಾ ಎಂದು ನೋಡುವುದು ಅವರ ಕೆಲಸಗಳಲ್ಲಿ ಒಂದು.

ಮೊದಲ ವರ್ಷದವರು ಊಟದ ಪ್ಲಾನ್ ಕೊಳ್ಳಲೇಬೇಕು ಎಂಬ ನಿಯಮ ಎಷ್ಟೋ ಕಾಲೇಜುಗಳಲ್ಲಿದೆ. ಕೋಷರ್ ಊಟ ಆ ಪ್ಲಾನಿನಲ್ಲೇ ಬರುತ್ತದಾ, ಮೇಲೆ ದುಡ್ಡು ಕೊಡಬೇಕಾ? ಶನಿವಾರ ಮಧ್ಯಾಹ್ನ, ಭಾನುವಾರ ರಾತ್ರಿ ಊಟ ಇದೆಯಾ? ಪಾಸೋವರ್ ಹಬ್ಬದ ದಿನಗಳಲ್ಲಿ ಏನು ವ್ಯವಸ್ಥೆ? ಆಗ ಮಾಮೂಲಿ ಬ್ರೆಡ್ಡು ಕೂಡ ನಿಷಿದ್ಧ, ಹುಳಿ ಬರಿಸದ ಮಾತ್ಸಾ ರೊಟ್ಟಿಯನ್ನೇ ತಿನ್ನಬೇಕು.

ಸಸ್ಯಾಹಾರಿ ಕನ್ನಡದ ಮಕ್ಕಳಿಗೂ ಇದರಲ್ಲೊಂದು ಅನುಕೂಲವಿದೆ. ಕೋಷರ್ ಹಾಲಿನ ವಿಭಾಗದಲ್ಲಿ ಕೋಳಿ, ಕುರಿ, ದನದ ಮಾಂಸ ಸೋಕುವಂತೆಯೇ ಇಲ್ಲ. ಮೀನು, ಮೊಟ್ಟೆ ಇರಬಹುದು, ಅದನ್ನು ಮಾತ್ರ ನೋಡಿಕೊಳ್ಳಬೇಕು.

ಪರೀಕ್ಷೆ, ರಜೆ, ಬೀಗದ ಕೈ

ಯಹೂದಿ ಪಂಚಾಂಗ ನಮ್ಮದರಂತೆಯೇ ಚಂದ್ರನನ್ನೂ ಸೂರ್ಯನನ್ನೂ ಹಿಡಿದು ನಡೆಯುತ್ತದೆ. ಅದರಲ್ಲೂ ಅಧಿಕ ಮಾಸ ಬರುತ್ತದೆ, 19 ವರ್ಷಕ್ಕೆ ಏಳು ಸಲ. ಹಾಗಾಗಿ ಹೊಸ ವರ್ಷದ ರೋಶ್ ಹಶಾನಾ, ಉಪವಾಸದ ಯೋಮ್ ಕಿಪ್ಪೂರ್ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಹಿಂದೆ ಮುಂದೆ ಓಡಾಡುತ್ತಿರುತ್ತವೆ. ಸೆಮಿಸ್ಟರ್ ಶುರುವಾಗಿ ಮೊದಲ ಪರೀಕ್ಷೆ ಬರುವ ಹೊತ್ತು ಅದು. ಬ್ರಾಂಡೈಸ್‌ನಲ್ಲಿ ಆ ಹಬ್ಬಗಳಿಗೆ ತರಗತಿ ಇರುವುದಿಲ್ಲ. ನ್ಯೂಯಾರ್ಕ್ ರಾಜ್ಯದಲ್ಲಿ ಧಾರ್ಮಿಕ ಕಾರಣಕ್ಕೆ ಪರೀಕ್ಷೆ ತಪ್ಪಿದರೆ ಇನ್ನೊಂದು ಅವಕಾಶ ಕೊಡಬೇಕೆಂದು ಕಾನೂನೇ ಇದೆ. ಬೇರೆ ಕಡೆ ಕಾಲೇಜಿನ ನಿಯಮ ಏನಿದೆ ಎಂದು ಬರಹದಲ್ಲಿ ಕೇಳಿ ಇಟ್ಟುಕೊಳ್ಳಿ.

ಶುಕ್ರವಾರ ಸೂರ್ಯ ಮುಳುಗಿದಾಗಿನಿಂದ ಶನಿವಾರ ಕತ್ತಲಾಗುವವರೆಗೆ ಶಬ್ಬಾತ್, ವಾರದ ವಿಶ್ರಾಂತಿಯ ದಿನ. ಕಟ್ಟುನಿಟ್ಟಾಗಿ ಪಾಲಿಸುವವರು ಆ ಹೊತ್ತಿನಲ್ಲಿ ವಿದ್ಯುತ್ ಸ್ವಿಚ್ ಮುಟ್ಟುವುದಿಲ್ಲ. ಕಾರ್ಡ್ ಉಜ್ಜಿ ತೆರೆಯುವ ಹಾಸ್ಟೆಲ್ ಬಾಗಿಲಿನ ಎದುರು ಅವರು ಏನು ಮಾಡಬೇಕು? ಇಂಥವರಿಗೆ ಲೋಹದ ಬೀಗದ ಕೈ, ಲಿಫ್ಟ್ ಬೇಡದ ಕೆಳಗಿನ ಮಹಡಿಯ ರೂಮು ಕೊಡುವ ಕಾಲೇಜುಗಳಿವೆ. ವಸತಿ ಕಚೇರಿಗೆ ಫೋನ್ ಮಾಡಿ ಇದನ್ನು ಕೇಳಿ. ಕೇಳಿದ ಕೂಡಲೇ ಅವರಿಗೆ ಅರ್ಥವಾದರೆ, ಇಂಥ ವಿದ್ಯಾರ್ಥಿಗಳು ಅಲ್ಲಿ ಮೊದಲೇ ಇದ್ದಾರೆ ಅಂತ ಲೆಕ್ಕ. (ಕಾಲೇಜು ಪ್ರವೇಶದ ಎಸ್‌ಎಟಿ ಪರೀಕ್ಷೆಯನ್ನು ಶನಿವಾರ ಬರೆಯಲಾಗದವರಿಗೆ ಭಾನುವಾರದ ಪರೀಕ್ಷೆ ಇದೆ. ಧರ್ಮಗುರುಗಳ ಪತ್ರ ಬೇಕಾಗುತ್ತದೆ, ಬೇಗ ನೋಂದಾಯಿಸಿ.)

ಶುಕ್ರವಾರವೇ ಹೋಗಿ

ಕ್ಯಾಂಪಸ್ ತೋರಿಸುವ ಟೂರ್ ಯಾವ ದಿನ ಬೇಕಾದರೂ ಇರುತ್ತದೆ. ನೀವು ಶುಕ್ರವಾರವೇ ಹೋಗಿ, ತರಗತಿಗಳು ನಡೆಯುತ್ತಿರುವ ವಾರವನ್ನೇ ಆರಿಸಿಕೊಳ್ಳಿ. ಮೊದಲೇ ಹಿಲೆಲ್‌ಗೋ ಛಾಬಾದ್‌ಗೋ ಬರೆದರೆ ಊಟಕ್ಕೆ ಕರೆಯುತ್ತಾರೆ. ನನ್ನ ಪ್ರಕಾರ ಇಡೀ ಹುಡುಕಾಟದಲ್ಲಿ ಇಷ್ಟು ಬೆಲೆಬಾಳುವ ಎರಡು ಗಂಟೆ ಬೇರೆ ಇಲ್ಲ.

ಅಲ್ಲಿ ಮೇಜಿನ ಮೇಲೆ ಬಟ್ಟೆ ಮುಚ್ಚಿದ ಹೆಣೆದ ಬ್ರೆಡ್ಡು ಇರುತ್ತದೆ, ಅದು ಹಲ್ಲಾ. ಪಕ್ಕದಲ್ಲಿ ದ್ರಾಕ್ಷಿ ರಸ. ಕಿದ್ದುಶ್ ಮಂತ್ರ ಹೇಳುವವರು ಯಾರು ನೋಡಿ. ಸಂಬಳದ ಸಿಬ್ಬಂದಿಯೋ, ಎರಡನೇ ವರ್ಷದ ಹುಡುಗಿಯೋ? ಕುರ್ಚಿ ಜೋಡಿಸಿದವರು, ತಟ್ಟೆ ಎತ್ತುವವರು ಯಾರು? ವಿದ್ಯಾರ್ಥಿಗಳೇ ಮಾಡುತ್ತಿದ್ದರೆ ಆ ಸಮುದಾಯಕ್ಕೆ ಜೀವವಿದೆ. ಒಂಟಿಯಾಗಿ ಒಳಗೆ ಬಂದ ಹುಡುಗನ ಪಕ್ಕ ಯಾರಾದರೂ ಹೋಗಿ ಕೂತರಾ? ಇದನ್ನು ಖಂಡಿತ ಗಮನಿಸಿ.

ಅಪ್ಪ ಅಮ್ಮ ಒಂದು ಮೂಲೆಯಲ್ಲಿ ಕೂತು ಮಗುವನ್ನು ಮಾತಾಡಲು ಬಿಡಬೇಕು. ಮಗು ಕೇಳಬೇಕಾದ ಪ್ರಶ್ನೆ ಇದು: "ಫೆಬ್ರುವರಿಯ ಮಾಮೂಲಿ ಶುಕ್ರವಾರ ಎಷ್ಟು ಜನ ಬರ್ತೀರಿ?" ರೋಶ್ ಹಶಾನಾಕ್ಕೆ ಎಲ್ಲ ಕಡೆಯೂ ಜನ ತುಂಬುತ್ತಾರೆ. ಚಳಿ, ಹಿಮ, ಪರೀಕ್ಷೆ ಇರುವ ಫೆಬ್ರುವರಿಯಲ್ಲಿ ನಲವತ್ತು ಜನ ಬಂದರೆ ಅದೇ ನಿಜವಾದ ಸಂಖ್ಯೆ.

ಈಗಿನ ವಾತಾವರಣ

2023ರ ಅಕ್ಟೋಬರ್ 7ರ ಹಮಾಸ್ ದಾಳಿ ಮತ್ತು ಗಾಜಾ ಯುದ್ಧದ ನಂತರ ಅನೇಕ ಕ್ಯಾಂಪಸ್‌ಗಳು ಕುದಿದವು. 2024ರ ಏಪ್ರಿಲ್‌ನಲ್ಲಿ ಕೊಲಂಬಿಯಾದಲ್ಲಿ ಶುರುವಾದ ಟೆಂಟ್ ಪ್ರತಿಭಟನೆ ದೇಶವೆಲ್ಲ ಹಬ್ಬಿತು. ಯಹೂದಿ ವಿದ್ಯಾರ್ಥಿಗಳಲ್ಲಿ ಹೆದರಿದವರಿದ್ದರು, ಪ್ರತಿಭಟನೆಯಲ್ಲಿ ಕೂತವರೂ ಇದ್ದರು. ಒಂದು ಕಾಲೇಜಿನ ಬಗ್ಗೆ ಸುದ್ದಿಯ ತಲೆಬರಹ ನೋಡಿ ತೀರ್ಮಾನ ಮಾಡಬೇಡಿ. ಈಗ ಅಲ್ಲಿ ಓದುತ್ತಿರುವ ಮೂರ್ನಾಲ್ಕು ಮಕ್ಕಳನ್ನು ಬೇರೆಬೇರೆಯಾಗಿ ಕೇಳಿ: ಕಿಪ್ಪಾ ಟೋಪಿ ಹಾಕಿಕೊಂಡು ಲೈಬ್ರರಿಗೆ ನಡೆದು ಹೋಗಲು ಅಳುಕಾಗುತ್ತದಾ? ದೂರು ಕೊಟ್ಟರೆ ಕಾಲೇಜು ಏನು ಮಾಡಿತು? ಇಸ್ರೇಲ್ ವಿಷಯದಲ್ಲಿ ಬೇರೆ ಅಭಿಪ್ರಾಯ ಇಟ್ಟುಕೊಂಡವರಿಗೂ ಶುಕ್ರವಾರದ ಊಟದಲ್ಲಿ ಜಾಗ ಇದೆಯಾ? 1964ರ ನಾಗರಿಕ ಹಕ್ಕು ಕಾಯ್ದೆಯ ಆರನೇ ಅಧ್ಯಾಯದಡಿ, ವಂಶ ಅಥವಾ ಮೂಲದ ಕಾರಣಕ್ಕೆ ಕಿರುಕುಳವಾದರೆ ಸರ್ಕಾರದ ನೆರವು ಪಡೆಯುವ ಕಾಲೇಜಿನ ಮೇಲೆ ದೂರು ಕೊಡಬಹುದು. ಯಹೂದಿ ವಿದ್ಯಾರ್ಥಿಗಳಿಗೂ ಇದು ಅನ್ವಯಿಸುತ್ತದೆ.

ಯಾವಾಗ ಏನು ಮಾಡಬೇಕು

ಹನ್ನೊಂದನೇ ತರಗತಿಯ ವಸಂತದಲ್ಲಿ ಪಟ್ಟಿ ಮಾಡಿ, ಒಂದೆರಡು ಶುಕ್ರವಾರ ಹೋಗಿ ಬನ್ನಿ. ಅರ್ಲಿ ಡಿಸಿಷನ್ ಅರ್ಜಿಗೆ ಹೆಚ್ಚಿನ ಕಡೆ ನವೆಂಬರ್ 1 ಕೊನೆಯ ದಿನ. ಅಲ್ಲಿ ಸೀಟು ಸಿಕ್ಕರೆ ಸೇರಲೇಬೇಕು, ಹಾಗಾಗಿ ಒಂದು ಶಬ್ಬಾತ್ ಊಟವನ್ನೂ ನೋಡದ ಕಾಲೇಜಿಗೆ ಹಾಗೆ ಅರ್ಜಿ ಹಾಕಬೇಡಿ. ಸೀಟು ಸಿಕ್ಕವರನ್ನು ಕರೆಯುವ ದಿನಗಳು ಏಪ್ರಿಲ್‌ನಲ್ಲಿ, ಪಾಸೋವರ್ ಕೂಡ ಹೆಚ್ಚಾಗಿ ಆಗಲೇ. ಹಬ್ಬದ ಊಟದ ವ್ಯವಸ್ಥೆಯನ್ನು ಕಣ್ಣಾರೆ ನೋಡಬಹುದು. ಬಹಳಷ್ಟು ಕಾಲೇಜುಗಳಿಗೆ ಮೇ 1ರೊಳಗೆ ಉತ್ತರ ಕೊಡಬೇಕು. ಅದಾದ ಮೇಲೆ ವಸತಿ ಫಾರ್ಮ್ ಬರುತ್ತದೆ. ಕೆಳಗಿನ ಮಹಡಿ, ಲೋಹದ ಬೀಗದ ಕೈ, ಕೋಷರ್ ಊಟದ ಪ್ಲಾನ್ ಮೂರನ್ನೂ ಅದರಲ್ಲೇ ಬರೆಯಿರಿ. ಆಗಸ್ಟಿನಲ್ಲಿ ಕೇಳಿದರೆ ರೂಮುಗಳೆಲ್ಲ ಹಂಚಿ ಆಗಿರುತ್ತವೆ.