ಆಲೂಗಡ್ಡೆಗೆ ರಸಗೊಬ್ಬರ: ಇಳುವರಿಯ ಜೊತೆಗೆ ಲಾಭವನ್ನೂ ಲೆಕ್ಕ ಹಾಕುವ ಬಗೆ

ಗೊಬ್ಬರ ಖರೀದಿಸುವ ಮುನ್ನ ಮಣ್ಣು ಪರೀಕ್ಷೆ ಮಾಡಿಸಿ, ಏಕೆಂದರೆ ಮಣ್ಣಿನಲ್ಲಿ ಈಗಾಗಲೇ ಸಾಕಷ್ಟಿರುವ ಪೋಷಕಾಂಶಕ್ಕೆ ಸುರಿದ ಹಣ ಇಳುವರಿಯಾಗಿ ಮರಳುವುದು ಅಪರೂಪ. ಒಂದು ಟನ್ ಗೆಡ್ಡೆಯೊಂದಿಗೆ ಹೊಲದಿಂದ ಸುಮಾರು 3ರಿಂದ 5 ಕಿಲೋ ಸಾರಜನಕವೂ ಅದಕ್ಕಿಂತ ಹೆಚ್ಚು ಪೊಟ್ಯಾಷ್ ಕೂಡ ಹೊರಹೋಗುತ್ತವೆ. ನಿರೀಕ್ಷಿತ ಇಳುವರಿಯನ್ನು ಈ ಅಂದಾಜಿಗೆ ಹೊಂದಿಸಿ, ಪರೀಕ್ಷಾ ವರದಿಯೊಂದಿಗೆ ತಾಳೆ ನೋಡಿ ಪ್ರಮಾಣವನ್ನು ನಿರ್ಧರಿಸಬೇಕು.

ಹೆಚ್ಚಿನವರು ಎಡವುವುದು ಸಾರಜನಕದಲ್ಲಿ. ಅದು ಅತಿಯಾದರೆ ಗಿಡ ಕಡುಹಸಿರಾಗಿ ಸೊಂಪಾಗಿ ಬೆಳೆದು ನೋಡಲು ಚೆನ್ನಾಗಿ ಕಂಡರೂ, ಗೆಡ್ಡೆ ಕಟ್ಟುವುದು ತಡವಾಗುತ್ತದೆ, ಸಿಪ್ಪೆ ಬಲಿಯುವುದಿಲ್ಲ, ಒಣಪದಾರ್ಥ (ಗೆಡ್ಡೆಯಲ್ಲಿ ನೀರು ಬಿಟ್ಟು ಉಳಿಯುವ ಅಂಶ) ಕುಸಿದು ಚಿಪ್ಸ್ ತಯಾರಕರು ಮಾಲನ್ನು ತಿರಸ್ಕರಿಸುವ ಸಂಭವವಿರುತ್ತದೆ. ಆದ್ದರಿಂದ ಒಂದು ಪಾಲನ್ನು ಬಿತ್ತನೆಯಲ್ಲಿ, ಉಳಿದದ್ದನ್ನು ಗಿಡದ ಬುಡಕ್ಕೆ ಮಣ್ಣೇರಿಸುವಾಗ ಕೊಡುವುದು ಲೇಸು. ಮರಳು ಮಣ್ಣಿನಲ್ಲಂತೂ ಇದು ಅನಿವಾರ್ಯವೆಂದೇ ನನ್ನ ಅಭಿಪ್ರಾಯ.

ರಂಜಕ ಮಣ್ಣಿನಲ್ಲಿ ಅಷ್ಟಾಗಿ ಚಲಿಸುವುದಿಲ್ಲ, ಆಲೂಗಡ್ಡೆಯ ಬೇರುಗಳೂ ಆಳಕ್ಕಿಳಿಯುವುದಿಲ್ಲ. ಹಾಗಾಗಿ ಅದನ್ನು ಬೀಜದ ಗೆಡ್ಡೆಗೆ ತಾಗದಂತೆ, ಸುಮಾರು 5 ಸೆಂಟಿಮೀಟರ್ ಪಕ್ಕದಲ್ಲಿ ಪಟ್ಟಿಯಾಗಿ ಇಡಬೇಕು. ಪೊಟ್ಯಾಷ್ ಕೊಡಲು ಪೊಟ್ಯಾಷಿಯಂ ಕ್ಲೋರೈಡ್ ಅಗ್ಗ, ಆದರೆ ಸಂಸ್ಕರಣೆಗೆ ಬೆಳೆಯುವವರಿಗೆ ಒಣಪದಾರ್ಥವನ್ನು ಉಳಿಸಿಕೊಡುವ ಸಲ್ಫೇಟ್ ರೂಪವೇ ಹೆಚ್ಚು ಸೂಕ್ತ.

ಲಾಭದ ಲೆಕ್ಕದಲ್ಲಿ ಗರಿಷ್ಠ ಇಳುವರಿಯ ಬೆನ್ನು ಹತ್ತಬಾರದು. ಕೊನೆಯಲ್ಲಿ ಸೇರಿಸಿದ ಒಂದು ಚೀಲ ಗೊಬ್ಬರದಿಂದ ಹೆಚ್ಚುವರಿಯಾಗಿ ಬಂದ ಗೆಡ್ಡೆಗಳ ಬೆಲೆಯಿಂದ ಅವುಗಳ ಕೀಳುವ ಮತ್ತು ಸಾಗಿಸುವ ವೆಚ್ಚವನ್ನು ಕಳೆದಾಗ ಉಳಿಯುವ ಮೊತ್ತ ಆ ಚೀಲದ ಬೆಲೆಗಿಂತ ಕಡಿಮೆಯಿದ್ದರೆ, ಅಲ್ಲಿಗೆ ನಿಲ್ಲಿಸುವುದು ಜಾಣತನ. ಇದನ್ನು ತಿಳಿಯಲು ಕೆಲವು ಸಾಲುಗಳಿಗೆ ಕಡಿಮೆ ಗೊಬ್ಬರ ಕೊಟ್ಟು, ಕೊಯ್ಲಿನಲ್ಲಿ ಅವುಗಳ ಗೆಡ್ಡೆಗಳನ್ನು ಗಾತ್ರವಾರು ವಿಂಗಡಿಸಿ ಪ್ರತ್ಯೇಕವಾಗಿ ತೂಗಿ.