ಐಎನ್‌ಆರ್ 8 ಎಂದಾಗ ನಾನು ಮಾಡುವುದು

ಲ್ಯಾಬಿನವರು ಫೋನ್ ಮಾಡಿ "ಸರ್, ಐಎನ್‌ಆರ್ 8 ಬಂದಿದೆ" ಎಂದರೆ ಸಾಕು, ವಾರ್ಡಿನ ಕಿರಿಯ ವೈದ್ಯರ ಕೈ ವಿಟಮಿನ್ ಕೆ ಇಂಜೆಕ್ಷನ್ನಿನತ್ತ ಹೋಗುತ್ತದೆ. ಐಎನ್‌ಆರ್ ಎಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತಿದೆ ಎಂಬುದರ ಅಳತೆ; ರಕ್ತ ತೆಳು ಮಾಡುವ ವಾರ್ಫರಿನ್ ಮಾತ್ರೆ ನುಂಗುವವರಲ್ಲಿ ಇದನ್ನು ನೋಡುತ್ತೇವೆ, 8 ಎಂದರೆ ಬಹಳ ಹೆಚ್ಚು. ವಾರ್ಫರಿನ್ನಿನ ಪರಿಣಾಮ ತಗ್ಗಿಸುವುದು ವಿಟಮಿನ್ ಕೆ. ನಾನು ಮೊದಲು ರೋಗಿಯ ಹತ್ತಿರ ಹೋಗುತ್ತೇನೆ. ವಸಡಿನಲ್ಲಿ ರಕ್ತವಿದೆಯೇ, ಮಲ ಕಪ್ಪಾಗಿದೆಯೇ, ತಲೆನೋವಿದೆಯೇ, ಈಚೆಗೆ ಎಲ್ಲಾದರೂ ಬಿದ್ದರೇ? ಚಿಕಿತ್ಸೆ ನಿರ್ಧಾರವಾಗುವುದು ಅಂಕಿಗಿಂತ ಹೆಚ್ಚಾಗಿ ಈ ಉತ್ತರಗಳಿಂದ.

ಹೃದಯಕ್ಕೆ ಕೃತಕ ಲೋಹದ ಕವಾಟ ಹಾಕಿಸಿಕೊಂಡಿದ್ದ ಒಬ್ಬ ಹಿರಿಯ ಮಹಿಳೆಗೆ ಇದೇ 8 ಬಂದಿತ್ತು. ರಕ್ತಸ್ರಾವ ಎಲ್ಲೂ ಇರಲಿಲ್ಲ. "ಏನಾದರೂ ಇಂಜೆಕ್ಷನ್ ಕೊಡಿ ಡಾಕ್ಟ್ರೇ" ಎಂದು ಮಗ ಪಟ್ಟು ಹಿಡಿದರು. ನಾನು ವಾರ್ಫರಿನ್ ನಿಲ್ಲಿಸಿ, ಆಸ್ಪತ್ರೆಯಲ್ಲೇ ಇರಿಸಿಕೊಂಡು, ಮರುದಿನ ಮತ್ತೆ ಪರೀಕ್ಷೆ ಮಾಡಿಸಿದೆ, ಅಷ್ಟೇ. 4.5ರಿಂದ 10ರ ನಡುವೆ ಇದ್ದು ರಕ್ತ ಸೋರದಿದ್ದರೆ ಸಾಮಾನ್ಯವಾಗಿ ಇದೇ ಸಾಕು. 10 ದಾಟಿದರೆ ವಿಟಮಿನ್ ಕೆ 2.5ರಿಂದ 5 ಮಿ.ಗ್ರಾಂ, ಅದೂ ಬಾಯಿಯ ಮೂಲಕ. ಇಂಥವರಿಗೆ ಗಾಬರಿಯಲ್ಲಿ 10 ಮಿ.ಗ್ರಾಂ ಚುಚ್ಚಿದರೆ ಕವಾಟದ ಮೇಲೆಯೇ ಹೆಪ್ಪುಗಟ್ಟಬಹುದು; ಆಮೇಲೆ ಹಲವು ದಿನ ವಾರ್ಫರಿನ್ ಕೊಟ್ಟರೂ ನಾಟುವುದಿಲ್ಲ. ಸ್ನಾಯುವಿಗಂತೂ ಚುಚ್ಚಲೇಬಾರದು, ಅಲ್ಲೇ ರಕ್ತ ಕಟ್ಟಿ ಊದಿಕೊಳ್ಳುತ್ತದೆ.

ತಲೆಯೊಳಗೆ ರಕ್ತಸ್ರಾವವಾದರೆ ಮಾತೇ ಬೇರೆ. ಆಗ ಕಾಯುವುದಿಲ್ಲ. ಪಿಸಿಸಿ, ಅಂದರೆ ಹೆಪ್ಪುಗಟ್ಟಿಸುವ ಅಂಶಗಳ ಸಾಂದ್ರ ಮಿಶ್ರಣ, ನಿಮಿಷಗಳಲ್ಲಿ ಐಎನ್‌ಆರ್ ಇಳಿಸುತ್ತದೆ. ಆದರೆ ಅದರಲ್ಲಿರುವ ಏಳನೇ ಅಂಶದ ಅರ್ಧಾಯುಷ್ಯ ಸುಮಾರು 6 ಗಂಟೆ ಮಾತ್ರ. ಹಾಗಾಗಿ ಜೊತೆಗೇ ವಿಟಮಿನ್ ಕೆ 10 ಮಿ.ಗ್ರಾಂ ಅನ್ನು ಡ್ರಿಪ್ಪಿನಲ್ಲಿ ನಿಧಾನವಾಗಿ, ಅರ್ಧ ಗಂಟೆಯವರೆಗೆ ಕೊಡುತ್ತೇನೆ. ವೇಗವಾಗಿ ಹೋದರೆ ತೀವ್ರ ಅಲರ್ಜಿಯ ಭಯ. ವಿಟಮಿನ್ ಕೆ ಕೊಡದೆ ಬಿಟ್ಟರೆ ಅರ್ಧ ದಿನದಲ್ಲಿ ಐಎನ್‌ಆರ್ ಮತ್ತೆ ಏರುತ್ತದೆ. ಪಿಸಿಸಿ ಸಿಗದಿದ್ದರೆ ಹಿಮಗಟ್ಟಿಸಿಟ್ಟ ಪ್ಲಾಸ್ಮಾ (ರಕ್ತದ ದ್ರವಭಾಗ), ಕೆಜಿಗೆ 15 ಮಿ.ಲೀ. 60 ಕೆಜಿಯವರಿಗೆ 900 ಮಿ.ಲೀ! ದುರ್ಬಲ ಹೃದಯಕ್ಕೆ ಅಷ್ಟು ದ್ರವ ತಡೆಯುವುದು ಕಷ್ಟ, ಮೇಲಾಗಿ ಅದು ಕರಗಿ ಕೈಗೆ ಬರುವಷ್ಟರಲ್ಲಿ ಅಮೂಲ್ಯ ಸಮಯ ಹೋಗಿರುತ್ತದೆ.

ರಕ್ತ ತೆಳು ಮಾಡುವ ಬೇರೆ ಔಷಧಿಗಳಿಗೆ ಪ್ರತ್ಯೌಷಧವೂ ಬೇರೆ: ಹೆಪಾರಿನ್‌ಗೆ ಪ್ರೊಟಮಿನ್, ಡಾಬಿಗಾಟ್ರಾನ್‌ಗೆ ಇಡಾರುಸಿಜುಮಾಬ್. ಇವಕ್ಕೆ ವಿಟಮಿನ್ ಕೆ ಕೊಟ್ಟು ಪ್ರಯೋಜನವಿಲ್ಲ. ಆದ್ದರಿಂದ ಮಾತ್ರೆಯ ಪಟ್ಟಿಯನ್ನು ಕಣ್ಣಾರೆ ನೋಡದೆ "ರಕ್ತ ತೆಳು ಮಾಡುವ ಮಾತ್ರೆ" ಎಂಬ ಮಾತನ್ನಷ್ಟೇ ನಾನು ನಂಬುವುದಿಲ್ಲ.

ಕವಾಟದ ಆ ಮಹಿಳೆಯ ಚೀಲದಲ್ಲಿ ಮೆಟ್ರೊನಿಡಜೋಲ್ ಎಂಬ ಆಂಟಿಬಯಾಟಿಕ್ ಸಿಕ್ಕಿತು. ಭೇದಿಗೆಂದು ಬೇರೆಡೆ ಕೊಟ್ಟಿದ್ದು, ವಾರ್ಫರಿನ್ ದೇಹದಿಂದ ಹೋಗದಂತೆ ತಡೆದಿತ್ತು. ಕಾರಣ ಸಿಕ್ಕಿದ್ದರಿಂದ ವಾರ್ಫರಿನ್ ಡೋಸ್ ಕಡಿಮೆ ಮಾಡಲಿಲ್ಲ. ಮೆಟ್ರೊನಿಡಜೋಲ್ ನಿಲ್ಲಿಸಿ, ಐಎನ್‌ಆರ್ ಇಳಿದ ಮೇಲೆ ಹಳೆಯ ಡೋಸನ್ನೇ ಮತ್ತೆ ಶುರುಮಾಡಿ, ಕೆಲವೇ ದಿನಗಳಲ್ಲಿ ಪರೀಕ್ಷೆಗೆ ಬರಲು ಹೇಳಿದೆ.