ಮುದ್ದೆ ಇಲ್ಲದ ಬಾಡೂಟ: ರಾತ್ರಿಯ ಪೇಲಿಯೊ ಅಡುಗೆಯಲ್ಲಿ ನನ್ನ ಅನುಭವ

ಅನ್ನ, ಮುದ್ದೆ ಬಿಟ್ಟ ರಾತ್ರಿಯೂಟಕ್ಕೆ ಮೊದಲ ಸಲ ಮಾಡಿದ್ದು ಬೀಫ್ ಸ್ಟೇಕ್. ಮೊಬೈಲಿನಲ್ಲಿ ನೋಡಿದ ವಿಡಿಯೋದಲ್ಲಿ ದಪ್ಪ ತುಂಡಿಗೆ ಉಪ್ಪು, ಮೆಣಸು ಸವರಿ, ಕಾದ ಬಾಣಲೆಗೆ ಹಾಕಿ, ಒಂದೊಂದು ಮಗ್ಗುಲಿಗೆ ಮೂರು ನಿಮಿಷ ಬೇಯಿಸಿದ್ದರು. ನಾನೂ ಹಾಗೇ ಮಾಡಿದೆ. ತಂದಿದ್ದು ತೊಡೆಯ ಬೋನ್‌ಲೆಸ್ ತುಂಡು. ಮಗ ಅಗಿದು ಅಗಿದು ಕೊನೆಗೆ ತಟ್ಟೆಯ ಅಂಚಿಗೆ ಇಟ್ಟ. ನಮ್ಮ ಮನೆಯವರು ಏನೂ ಹೇಳದೆ ನೀರು ಕುಡಿದರು. ಅವತ್ತು ರಾತ್ರಿ ಒಂಬತ್ತೂವರೆಗೆ ಅನ್ನಕ್ಕಿಟ್ಟು, ಮೊಸರು ಕಲಸಿ ಎಲ್ಲರಿಗೂ ಕೊಟ್ಟೆ.

ಈ ಊಟದ ಯೋಚನೆ ಶುರುವಾಗಿದ್ದು ನಮ್ಮ ಮನೆಯವರ ರಕ್ತ ಪರೀಕ್ಷೆಯಿಂದ. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 6.1 ಬಂದಿತ್ತು. 5.7ರಿಂದ 6.4ರವರೆಗೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ಇದ್ದೀವಿ ಅಂತ ಅರ್ಥ. ರಾತ್ರಿ ಅನ್ನ, ಮುದ್ದೆ ಕಡಿಮೆ ಮಾಡಿ ಎಂದರು ಡಾಕ್ಟರ್. ಆಫೀಸಿನ ಗೆಳತಿಯೊಬ್ಬಳು ಪೇಲಿಯೊ ಬಗ್ಗೆ ಹೇಳಿದಳು. ಧಾನ್ಯ ಬೇಡ, ಬೇಳೆಕಾಳು ಬೇಡ, ಹಾಲು ಮೊಸರು ಬೇಡ, ಸಕ್ಕರೆ ಬೇಡ. ಮಾಂಸ, ಮೀನು, ಮೊಟ್ಟೆ, ತರಕಾರಿ, ಸೊಪ್ಪು, ಗೆಡ್ಡೆ, ಹಣ್ಣು, ಬೀಜ ಇಷ್ಟು ಸಾಕು. 1985ರಲ್ಲಿ ಅಮೆರಿಕದ ವೈದ್ಯ ಬೊಯ್ಡ್ ಈಟನ್ ಮತ್ತು ಮಾನವಶಾಸ್ತ್ರಜ್ಞ ಮೆಲ್ವಿನ್ ಕಾನರ್ ಒಂದು ಲೇಖನ ಬರೆದರು. ಶಿಲಾಯುಗದವರ ಊಟದಿಂದ ನಾವು ಕಲಿಯಬಹುದು ಎನ್ನುವ ಮಾತು ಜಾಸ್ತಿ ಹರಡಿದ್ದು ಅಲ್ಲಿಂದಾಚೆಗೆ.

ಶಿಲಾಯುಗದವರು ಧಾನ್ಯ ಮುಟ್ಟುತ್ತಲೇ ಇರಲಿಲ್ಲ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಕಾಡು ಗಿಡಗಳ ಬೇರು, ಕಾಳು ಅರೆದ ಗುರುತು ಇರುವ 30,000 ವರ್ಷ ಹಳೆಯ ಕಲ್ಲುಗಳು ಯುರೋಪಿನಲ್ಲಿ ಸಿಕ್ಕಿವೆ. ನಾವು ದಿನಾ ಹಾಕುವ ಒಣಮೆಣಸಿನಕಾಯಿ ಈ ಕಡೆಗೆ ಬಂದಿದ್ದೇ ಪೋರ್ಚುಗೀಸರ ಕಾಲದಲ್ಲಿ. ಹಾಗಾಗಿ ಆ ಕಾಲದ ಊಟವನ್ನೇ ಊಟ ಮಾಡುತ್ತೇವೆ ಎನ್ನುವ ಹಟ ನನಗಿಲ್ಲ. ರಾತ್ರಿ ತಟ್ಟೆಯಲ್ಲಿ ಅನ್ನ, ಮುದ್ದೆ, ಚಪಾತಿ ಇರಬಾರದು, ಹೊಟ್ಟೆ ಮಾತ್ರ ತುಂಬಬೇಕು. ನನಗೆ ಬೇಕಿದ್ದದ್ದು ಅಷ್ಟೇ. ಹೊಟ್ಟೆ ತುಂಬಿಸುವುದು ಬಾಡು. ನಾವು ಕೋಲಾರದ ಕಡೆಯವರು. ಬೀಫ್ ನಮ್ಮ ಮನೆಗೆ ಹೊಸದಲ್ಲ, ಅಮ್ಮನ ಕೈ ಅಡುಗೆ ಅದು.

ಸ್ಟೇಕ್ ಯಾಕೆ ಕೆಟ್ಟಿತು ಅಂತ ನನಗೆ ತಿಳಿಸಿದ್ದು ಬೆಂಗಳೂರಿನ ಶಿವಾಜಿನಗರದ ಅಂಗಡಿಯ ಭಾಯ್. "ಅಕ್ಕಾ, ಇದು ಬಲಿತ ಎಮ್ಮೆ. ಮೂರು ನಿಮಿಷಕ್ಕೆ ಹೆಂಗೆ ಬೇಯತ್ತೆ?" ಎಂದರು. ಅಲ್ವಾ! ನಮ್ಮ ರಾಜ್ಯದಲ್ಲಿ 2021ರ ಜನವರಿಯಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ ಹಸು, ಎತ್ತು, ಹೋರಿ, ಕರು ಯಾವುದನ್ನೂ ಕಡಿಯುವಂತಿಲ್ಲ. 13 ವರ್ಷ ದಾಟಿದ ಎಮ್ಮೆ, ಕೋಣಕ್ಕೆ ಮಾತ್ರ ಅವಕಾಶ. ಅಂದರೆ ನಾವು ಇಲ್ಲಿ ಬೀಫ್ ಅಂತ ಕೊಳ್ಳುವುದು ವರ್ಷಗಟ್ಟಲೆ ಹಾಲು ಕೊಟ್ಟ, ದುಡಿದ ಪ್ರಾಣಿಯ ಮಾಂಸ. ಹೊರದೇಶದ ವಿಡಿಯೋದಲ್ಲಿ ಬಾಣಲೆಗೆ ಬೀಳುವುದು ಸಾಮಾನ್ಯವಾಗಿ ಎರಡು ವರ್ಷ ಆಸುಪಾಸಿನ ಎಳೆಯ ದನದ ತುಂಡು. ಎರಡಕ್ಕೂ ಒಂದೇ ಅಳತೆ ಹಿಡಿದಿದ್ದು ನನ್ನ ತಪ್ಪು.

ಮಾಂಸದ ಎಳೆಗಳನ್ನು ಕಟ್ಟಿ ಹಿಡಿಯುವ ಕೊಲ್ಯಾಜನ್ ಎನ್ನುವ ನಾರು ಇರುತ್ತದೆ. ಪ್ರಾಣಿಗೆ ವಯಸ್ಸಾದಷ್ಟೂ ಆ ನಾರು ಗಟ್ಟಿಯಾಗುತ್ತದೆ. ಜೋರು ಉರಿಯಲ್ಲಿ ಬೇಗ ಹುರಿದರೆ ಅದು ಮುದುರಿ, ಇನ್ನಷ್ಟು ಬಿಗಿಯುತ್ತದೆ. ನೀರಿನಲ್ಲಿ ನಿಧಾನಕ್ಕೆ ಬೆಂದರೆ ಕರಗಿ ಜಿಲೆಟಿನ್ ಆಗುತ್ತದೆ. ಕಾಲು ಸೂಪು ತಣ್ಣಗಾದ ಮೇಲೆ ಗಟ್ಟಿಯಾಗುತ್ತದಲ್ಲ, ಅದೇ. ಬೆಂಗಳೂರಿನಲ್ಲಿ ಇನ್ನೊಂದು ತೊಡಕಿದೆ. ಊರು ಸುಮಾರು 920 ಮೀಟರ್ ಎತ್ತರದಲ್ಲಿದೆ, ಹಾಗಾಗಿ ನೀರು 97 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಇಟ್ಟರೆ ಮೂರು ಗಂಟೆ ಆದರೂ ಆಗಬಹುದು. ಪ್ರೆಷರ್ ಕುಕ್ಕರ್ ಒಳಗೆ ಶಾಖ 120 ಡಿಗ್ರಿಯ ಹತ್ತಿರ ಹೋಗುತ್ತದೆ. ನಮ್ಮ ಪೇಲಿಯೊ ಅಡುಗೆ ನಿಂತಿರುವುದೇ ಈ ಕುಕ್ಕರ್ ಮೇಲೆ.

ಈಗ ಭಾನುವಾರ ಬೆಳಗ್ಗೆ ಎಂಟಕ್ಕೆಲ್ಲ ಶಿವಾಜಿನಗರದಲ್ಲಿ ಇರುತ್ತೇನೆ. ರಸೆಲ್ ಮಾರ್ಕೆಟ್ ಹತ್ತಿರ ಬಾಡು ತಗೊಂಡು, ಸೊಪ್ಪು, ಶುಂಠಿ, ಹಸಿಕಾಯಿ ಎಲ್ಲ ಅಲ್ಲೇ ಮುಗಿಸುತ್ತೇನೆ. ಒಳ್ಳೆಯ ಎಮ್ಮೆ ಮಾಂಸ ಕಡುಗೆಂಪು, ಕೊಬ್ಬು ಬಿಳಿ. ಬೆರಳಲ್ಲಿ ಒತ್ತಿದರೆ ಹಳ್ಳ ತುಂಬಿಕೊಳ್ಳಬೇಕು. ಹುಳಿ ವಾಸನೆ, ಅಂಟು ಇರಬಾರದು. ಇಷ್ಟು ನೋಡಿದರೆ ಸಾಕು. ಹೇಳಿ ಕಟ್ ಮಾಡಿಸುವುದು ಮುಖ್ಯ. ಸಾರಿಗೆ ಮುಂಗಾಲಿನ ಕಡೆಯ ಮೂಳೆ ಸಮೇತದ ಬಾಡು, ಜೊತೆಗೆ ಎರಡು ನಲ್ಲಿ ಮೂಳೆ, ಅಂದರೆ ಒಳಗೆ ಮಜ್ಜೆ ಇರುವ ಕಾಲಿನ ಮೂಳೆ. ಮೊದಲೆಲ್ಲ ಬರೀ ಬೋನ್‌ಲೆಸ್ ಕೇಳುತ್ತಿದ್ದೆ. ದುಡ್ಡು ಜಾಸ್ತಿ, ರುಚಿ ಕಡಿಮೆ. ಖೀಮಾ ಬೇಕಾದರೆ ತುಂಡು ಆರಿಸಿ, ಕಣ್ಣೆದುರೇ ಮಾಡಿಸಿಕೊಳ್ಳುತ್ತೇನೆ. ಬಾಣಲೆಯಲ್ಲೇ ಹುರಿಯುವ ಆಸೆ ಇದ್ದವರು 'ಅಂಡರ್‌ಕಟ್' ಕೇಳಬೇಕು. ಬೆನ್ನುಮೂಳೆಯ ಕೆಳಗಿನ ಆ ಉದ್ದ ತುಂಡಿಗೆ ಕೆಲಸ ಕಡಿಮೆ. ಅದಕ್ಕೆ ಬಲಿತ ಎಮ್ಮೆಯಲ್ಲೂ ಅದು ಮೃದುವಾಗಿರುತ್ತದೆ. ತಡವಾಗಿ ಹೋದರೆ ಸಿಗುವುದಿಲ್ಲ.

ನಾವು ನಾಲ್ಕು ಜನ. ವಾರಕ್ಕೆ ಒಂದೂವರೆ ಕೆಜಿ ತರುತ್ತೇನೆ. ಒಂದು ಕೆಜಿ ಮೂಳೆ ಬಾಡು, ಅರ್ಧ ಕೆಜಿ ಖೀಮಾ. ಮೂಳೆ ಬಾಡನ್ನು ಭಾನುವಾರವೇ ಬೇಯಿಸಿಡುತ್ತೇನೆ. ತೊಳೆದು, ನೀರು ಬಸಿದು, ಅರಿಶಿನ, ಉಪ್ಪು, ಜಜ್ಜಿದ ಶುಂಠಿ ಬೆಳ್ಳುಳ್ಳಿ, ಒಂದು ಹೆಚ್ಚಿದ ಈರುಳ್ಳಿ ಹಾಕಿ ಕುಕ್ಕರಿನಲ್ಲೇ ಐದು ನಿಮಿಷ ಬಾಡಿಸುತ್ತೇನೆ. ಆಮೇಲೆ ಎರಡು ಲೋಟ ನೀರು. ಜೋರು ಉರಿಯಲ್ಲಿ ಒಂದು ಕೂಗು ಬಂದ ಕೂಡಲೇ ಉರಿ ಸಣ್ಣ ಮಾಡಿ 40 ನಿಮಿಷ. ಆರಿಸಿದ ಮೇಲೆ ಆವಿ ತಾನಾಗಿ ಇಳಿಯಬೇಕು. ಅವಸರಕ್ಕೆ ವಿಷಲ್ ಎತ್ತಿದರೆ ಬಾಡು ಬಿಗಿದುಕೊಳ್ಳುತ್ತದೆ. ಹತ್ತು ಕೂಗು, ಹನ್ನೆರಡು ಕೂಗು ಅಂತ ಎಣಿಸುವ ಅಭ್ಯಾಸ ಬಿಟ್ಟೆ. ಒಂದೊಂದು ಕುಕ್ಕರ್ ಒಂದೊಂದು ಥರ ಕೂಗುತ್ತದೆ, ಗಡಿಯಾರ ನೋಡುವುದೇ ವಾಸಿ. ಹಸಿ ಪರಂಗಿಕಾಯಿ ಅರೆದು ಸವರಿದರೂ ಮೆತ್ತಗಾಗುತ್ತದೆ, ಅರ್ಧ ಕೆಜಿಗೆ ಒಂದು ಚಮಚ, ಅರ್ಧ ಗಂಟೆ. ಅದನ್ನು ನಾನು ಅಂಡರ್‌ಕಟ್ ಅಲ್ಲದ ತುಂಡನ್ನು ಹುರಿಯುವಾಗ ಮಾತ್ರ ಬಳಸುತ್ತೇನೆ. ಒಮ್ಮೆ ಇಡೀ ರಾತ್ರಿ ಬಿಟ್ಟಿದ್ದೆ, ಮೇಲೆಲ್ಲ ಹಿಟ್ಟಿನಂತಾಯಿತು.

ಇನ್ನು ಸಾರಿನ ಮಸಾಲೆ. ನಾನು ಹೆಚ್ಚು ಒದ್ದಾಡಿದ್ದು ಇದರಲ್ಲೇ. ನಮ್ಮ ಕಡೆ ಬಾಡಿನ ಸಾರು ಗಟ್ಟಿ ಬರಲು ಹುರಿಗಡಲೆ ರುಬ್ಬಿ ಹಾಕುತ್ತಾರೆ. ಅದು ಕಾಳು, ಪೇಲಿಯೊಗೆ ಆಗುವುದಿಲ್ಲ. ಬಿಟ್ಟರೆ ಸಾರು ನೀರಾಗಿ ತಟ್ಟೆ ತುಂಬ ಹರಿಯುತ್ತದೆ. ಕಾಯಿ ಜಾಸ್ತಿ ಹಾಕಿ ನೋಡಿದೆ, ಸಿಹಿಯಾಯಿತು. ಸುವರ್ಣಗೆಡ್ಡೆ ಬೇಯಿಸಿ ಮಸೆದು ಹಾಕಿದೆ, ಪರವಾಗಿಲ್ಲ ಅನ್ನಿಸಿತು, ಆದರೆ ಬಾಡಿನ ರುಚಿ ಹಿಂದೆ ಸರಿಯಿತು. ಒಂದು ದಿನ ಫ್ರಿಜ್ಜಿನಲ್ಲಿಟ್ಟಿದ್ದ ಬೆಂದ ಬಾಡಿನ ಡಬ್ಬಿ ತೆಗೆದರೆ ನೀರೆಲ್ಲ ಗಡ್ಡೆಕಟ್ಟಿ ನಡುಗುತ್ತಿತ್ತು. ನನಗೆ ಬೇಕಾದ ಗಟ್ಟಿ ಅಲ್ಲೇ ಇತ್ತು! ಸ್ಟೇಕನ್ನು ಅಗಿಯಲು ಬಿಡದ ಅದೇ ನಾರು ಕರಗಿ ಸಾರಿಗೆ ಮೈ ಕೊಡುತ್ತದೆ. ಅವತ್ತಿನಿಂದ ಬೇಯಿಸಿದ ನೀರನ್ನು ಒಂದು ಹನಿ ಚೆಲ್ಲುವುದಿಲ್ಲ, ನಲ್ಲಿ ಮೂಳೆ ಇಲ್ಲದೆ ಸಾರು ಇಡುವುದಿಲ್ಲ.

ಈಗ ಒಂದು ಕೆಜಿಗೆ ನನ್ನ ಅಳತೆ ಹೀಗೆ. ಎರಡು ದೊಡ್ಡ ಈರುಳ್ಳಿಯನ್ನು ಕೊಬ್ಬರಿ ಎಣ್ಣೆಯಲ್ಲಿ ಚೆನ್ನಾಗಿ ಕೆಂಪಗೆ ಹುರಿಯಬೇಕು, ಅರ್ಧಂಬರ್ಧ ಆಗಬಾರದು. ಅದೇ ಬಾಣಲೆಗೆ ಎಂಟು ಬ್ಯಾಡಗಿ, ಮೂರು ಗುಂಟೂರು ಮೆಣಸಿನಕಾಯಿ, ಮೂರು ಚಮಚ ಧನಿಯಾ, ಒಂದು ಚಮಚ ಮೆಣಸು, ಒಂದಿಂಚು ಚಕ್ಕೆ, ನಾಲ್ಕು ಲವಂಗ. ಒಂದು ಚಮಚ ಗಸಗಸೆಯನ್ನು ಬಿಸಿನೀರಲ್ಲಿ ಇಪ್ಪತ್ತು ನಿಮಿಷ ನೆನೆಸಿ, ಅರ್ಧ ಬಟ್ಟಲು ಕಾಯಿತುರಿ, ಒಂದು ಗೆಡ್ಡೆ ಬೆಳ್ಳುಳ್ಳಿ, ಒಂದು ಹಿಡಿ ಕೊತ್ತಂಬರಿ ಸೊಪ್ಪಿನ ಜೊತೆ ಎಲ್ಲವನ್ನೂ ನುಣ್ಣಗೆ ರುಬ್ಬುವುದು. ಬೆಂದ ಬಾಡಿಗೆ, ಅದರ ನೀರಿಗೇ ಮಸಾಲೆ ಸೇರಿಸಿ, ಸಣ್ಣ ಉರಿಯಲ್ಲಿ ಎಣ್ಣೆ ಮೇಲೆ ಬರುವವರೆಗೆ ಕುದಿಸುವುದು. ಅಂಗಡಿಯ ಮಸಾಲೆ ಪುಡಿ ತರುವವರು ಪ್ಯಾಕೆಟ್ ಹಿಂದೆ ಓದಿ. ಇಂಗಿನ ಡಬ್ಬಿಯನ್ನೂ ಓದಿ, ಪುಡಿ ಇಂಗಿನಲ್ಲಿ ಸಾಮಾನ್ಯವಾಗಿ ಗೋಧಿ ಹಿಟ್ಟೋ ಮೈದಾವೋ ಬೆರೆಸಿರುತ್ತಾರೆ.

ಅಮ್ಮ ಊರಿಂದ ಬಂದಾಗ ಈ ಸಾರು ಬಡಿಸಿದೆ. ಒಂದು ತುತ್ತಿಗೇ ಕಂಡುಹಿಡಿದಳು. "ಹುರಿಗಡಲೆ ಹಾಕಿಲ್ಲ ಅಲ್ವೇನೇ? ಮತ್ತೆ ಹೆಂಗೆ ಗಟ್ಟಿ ಬಂತು?" ನಲ್ಲಿ ಮೂಳೆ ತೋರಿಸಿದೆ. ಆಮೇಲೆ ಮುದ್ದೆ ಎಲ್ಲಿ ಅಂತ ಕೇಳಿದಳು. ಅದಕ್ಕೆ ಮಾತ್ರ ನನ್ನ ಹತ್ತಿರ ಒಳ್ಳೆಯ ಉತ್ತರ ಇರಲಿಲ್ಲ.

ಮುದ್ದೆ ಬಿಡುವುದು ನಿಜಕ್ಕೂ ಕಷ್ಟ. ಬಾಡಿನ ಸಾರು ಅಂದರೆ ಕೈ ತಾನಾಗಿ ಮುದ್ದೆ ಹುಡುಕುತ್ತದೆ. ಹೂಕೋಸು ತುರಿದು ಅನ್ನದಂತೆ ಮಾಡಿ ಕೊಟ್ಟೆ, ಮಕ್ಕಳು ತಿಂದರು, ನಮ್ಮ ಮನೆಯವರಿಗೆ ಹಿಡಿಸಲಿಲ್ಲ. ಅವರಿಗೆ ಒಗ್ಗಿದ್ದು ಸೀಮೆಬದನೆಕಾಯಿ ಮತ್ತು ನವಿಲುಕೋಸು. ದಪ್ಪ ಹೋಳು ಮಾಡಿ ಸಾರಿನಲ್ಲೇ ಕೊನೆಯ ಹತ್ತು ನಿಮಿಷ ಬೇಯಿಸಿದರೆ ಮಸಾಲೆ ಹೀರಿಕೊಂಡು ಹೊಟ್ಟೆಗೆ ಆಧಾರವಾಗುತ್ತದೆ. ಗೆಣಸು ಮಕ್ಕಳಿಗೆ ಮಾತ್ರ. ಇನ್ನು ಡಿಸೆಂಬರ್, ಜನವರಿಯಲ್ಲಿ ಅವರೆಕಾಯಿ ಬಂದಾಗ ನಾನು ನಿಯಮ ಮುರಿಯುತ್ತೇನೆ. ಸೊಗಡಿನ ಅವರೆ ಬಂದಿರುವಾಗ ಬಾಡಿಗೆ ಹಾಕದೆ ಇರುವುದು ನನ್ನಿಂದ ಆಗದು, ವರ್ಷಕ್ಕೆ ನಾಲ್ಕೈದು ಸಲ ತಾನೆ.

ರಾಗಿಯನ್ನು ಮನೆಯಿಂದ ಪೂರ್ತಿ ಓಡಿಸಿಲ್ಲ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ. ಹಾಲು, ರಾಗಿ ಎರಡನ್ನೂ ಒಟ್ಟಿಗೆ ಬಿಟ್ಟರೆ ಅದು ಎಲ್ಲಿಂದ ಬರಬೇಕು? ಮಕ್ಕಳು ಬೇರೆ ಬೆಳೆಯುವ ವಯಸ್ಸಿನವರು. ಅದಕ್ಕೇ ಮಧ್ಯಾಹ್ನ ಮುದ್ದೆ, ಮಕ್ಕಳಿಗೆ ಹಾಲು ಮೊಸರು ಮೊದಲಿನಂತೆ ಇದೆ. ಪೇಲಿಯೊ ರಾತ್ರಿ ಮಾತ್ರ, ವಾರಕ್ಕೆ ಐದು ದಿನ, ಅದರಲ್ಲಿ ಬೀಫ್ ಮೂರು ದಿನ. ಮಿಕ್ಕ ದಿನ ಮೀನು, ಮೊಟ್ಟೆ. ಕೆಂಪು ಮಾಂಸ ಬೇಯಿಸಿದ ತೂಕದಲ್ಲಿ ಒಬ್ಬರಿಗೆ ವಾರಕ್ಕೆ 350ರಿಂದ 500 ಗ್ರಾಂ ದಾಟದಿರಲಿ ಎಂದು ವರ್ಲ್ಡ್ ಕ್ಯಾನ್ಸರ್ ರಿಸರ್ಚ್ ಫಂಡ್ ಹೇಳುತ್ತದೆ. ನಮ್ಮ ಒಂದೂವರೆ ಕೆಜಿ ನಾಲ್ಕು ಜನಕ್ಕೆ ಹಂಚಿದರೆ ಅದರ ಒಳಗೇ ಇರುತ್ತದೆ. ಆರು ತಿಂಗಳ ಮೇಲೆ ನಮ್ಮ ಮನೆಯವರ ಎಚ್‌ಬಿಎ1ಸಿ 5.8ಕ್ಕೆ ಇಳಿಯಿತು. ಅವರು ಅದೇ ಸಮಯಕ್ಕೆ ಸಂಜೆ ನಡೆಯಲೂ ಶುರು ಮಾಡಿದ್ದರು, ಹಾಗಾಗಿ ಎಲ್ಲ ಬಾಡಿನ ಮಹಿಮೆ ಅಂತ ನಾನು ಹೇಳುವುದಿಲ್ಲ. ಕಿಡ್ನಿ ತೊಂದರೆ, ಯೂರಿಕ್ ಆಸಿಡ್ ಜಾಸ್ತಿ ಇರುವವರು ಡಾಕ್ಟರನ್ನು ಕೇಳದೆ ಶುರು ಮಾಡಬೇಡಿ.

ವಾರದ ದಿನಗಳ ಅಡುಗೆ ಈಗ ಅರ್ಧ ಗಂಟೆಯ ಕೆಲಸ. ಸೋಮವಾರ ಖೀಮಾ, ಯಾಕೆಂದರೆ ಹಸಿ ಖೀಮಾ ಫ್ರಿಜ್ಜಿನಲ್ಲಿ ಎರಡು ದಿನಕ್ಕಿಂತ ಜಾಸ್ತಿ ಇಡಬಾರದು. ಈರುಳ್ಳಿ, ಹಸಿಮೆಣಸಿನಕಾಯಿ, ಶುಂಠಿ ಬೆಳ್ಳುಳ್ಳಿ ಬಾಡಿಸಿ, ಖೀಮಾ ಹಾಕಿ, ಗಂಟು ಒಡೆದು ಹುರಿದು, ಮುಚ್ಚಿ ಇಪ್ಪತ್ತು ನಿಮಿಷ. ಕೊನೆಗೆ ಎರಡು ಕಟ್ಟು ಸಬ್ಬಸಿಗೆ ಸೊಪ್ಪು. ಬಾಡಿನ ವಾಸನೆ ಹಿಡಿಸದ ನನ್ನ ಮಗಳೂ ಇದನ್ನು ಕೇಳಿ ಹಾಕಿಸಿಕೊಳ್ಳುತ್ತಾಳೆ. ಸೊಪ್ಪು ಬಿಸಿಗೆ ಬಾಡಿದರೆ ಸಾಕು, ಬೆಂದರೆ ಆ ಘಮ ಹೋಗುತ್ತದೆ. ಬುಧವಾರಕ್ಕೆ, ಭಾನುವಾರವೇ ಬೇಯಿಸಿ ಎತ್ತಿಟ್ಟ ಬಾಡಿನ ಪೆಪ್ಪರ್ ಫ್ರೈ. ತೆಳ್ಳಗಿನ ಕೊಬ್ಬರಿ ಚೂರು, ಕರಿಬೇವು, ಹೊಸದಾಗಿ ಕುಟ್ಟಿದ ಮೆಣಸು, ಕೊನೆಗೆ ನಿಂಬೆರಸ. ಪಕ್ಕಕ್ಕೆ ಎಲೆಕೋಸಿನ ಪಲ್ಯ.

ಈ ಮನೆಗೆ ಬರುವ ಮೊದಲು ಮೂರು ಬಾಡಿಗೆ ಮನೆ ಬಿಟ್ಟುಕೊಟ್ಟಿದ್ದೇವೆ, ಬೀಫ್ ಮಾಡುತ್ತೇವೆ ಅಂತ ಮೊದಲೇ ಹೇಳಿದ್ದಕ್ಕೆ. ಹೇಳದೆ ಬಂದು, ಕಿಟಕಿ ಮುಚ್ಚಿಕೊಂಡು, ಕದ್ದು ಬೇಯಿಸುವುದು ನನಗೆ ಬೇಡವಾಗಿತ್ತು. ನನ್ನ ಅಮ್ಮನ ಅಡುಗೆಗೆ ನಾನ್ಯಾಕೆ ಕಿಟಕಿ ಮುಚ್ಚಬೇಕು? ಈಗಿನ ಓನರ್ ಆಂಟಿ ಒಪ್ಪಿ ಮನೆ ಕೊಟ್ಟರು. ಹಬ್ಬದ ದಿನ ನಾನು ಮಾಡುವುದಿಲ್ಲ, ಅವರು ಕೇಳಿದ್ದಕ್ಕಲ್ಲ, ನನಗೇ ಹಾಗನ್ನಿಸುತ್ತದೆ.

ಮಾರ್ಚಿನಲ್ಲಿ ಬಿಸಿಲು ಬಲಿತ ಮೇಲೆ ಅಮ್ಮ ಮತ್ತೆ ಬರುತ್ತಾಳೆ. ಬಾಡನ್ನು ಉದ್ದುದ್ದ ಸೀಳಿ, ಉಪ್ಪು ಅರಿಶಿನ ಸವರಿ, ಹಗ್ಗಕ್ಕೆ ಹಾಕಿ ಒಣಗಿಸುವುದನ್ನು ಕಲಿಸುತ್ತೇನೆ ಎಂದಿದ್ದಾಳೆ. ಫ್ರಿಜ್ ಇಲ್ಲದ ಕಾಲದಲ್ಲಿ ನಮ್ಮಜ್ಜಿ ಹಾಗೇ ಇಡುತ್ತಿದ್ದರಂತೆ, ಮಳೆಗಾಲದಲ್ಲಿ ಸುಟ್ಟು, ಜಜ್ಜಿ, ಸಾರಿಗೆ ಹಾಕುತ್ತಿದ್ದರಂತೆ. ಟೆರೇಸಿನಲ್ಲಿ ಹಗ್ಗ ಕಟ್ಟಲು ಓನರ್ ಆಂಟಿಯನ್ನು ಕೇಳಿದೆ. "ಕಾಗೆ ಬರದ ಹಾಗೆ ಮೇಲೊಂದು ಬಲೆ ಹಾಕಮ್ಮ" ಎಂದರು. ಬಲೆ ತಂದಿಟ್ಟಿದ್ದೇನೆ.